ಪಿಂಜಾರ ಲಾಲಸಾಬನ ಎರಡು ಹತ್ತಿ

ತಂಬಿಗೆ ನೀರಿಗೆ ಹೆದರುತ್ತಿದ್ದ ಗಂಡಸನ್ನು ನನ್ನ ಆಯುಷ್ಯದಲ್ಲಿ ನೋಡಿದ್ದು ಒಬ್ಬನನ್ನೇ. ಅವನು ಪಿಂಜಾರ ಲಾಲಸಾಬ. ಹೊಳೆಗೆ ಅವನು ಹೆದರುತ್ತಿರಲಿಲ್ಲ. ಭೀಮೆ ತುಂಬಿ ಹರಿಯುವಾಗ ಒಂದು ಕೈಯಲ್ಲಿ ಬೀಡಿ ಹಿಡಿದು, ಅದು ಆರದಂತೆ ಈಜಿ ದಾಟಿದ್ದೇನೆ ಅಂತ ತಾನೇ ಹೇಳುತ್ತಿದ್ದ. ಆದರೆ ಶಹಾಪುರದ ಬಜಾರಿನಲ್ಲಿದ್ದ ಅವನ ಅಂಗಡಿಯೊಳಗೆ ಒಂದು ಹನಿ ನೀರು ಹೋಗುವಂತಿರಲಿಲ್ಲ. ಬಾಯಾರಿದವನು ಹೊಸ್ತಿಲ ಹೊರಗೆ ನಿಂತು ಕುಡಿಯಬೇಕು. ಮಳೆಯಲ್ಲಿ ಬಂದ ಗಿರಾಕಿ ಹೊರಗೇ ನಿಂತು ಮಾತು ಮುಗಿಸಬೇಕು. ಕಂಕುಳಲ್ಲಿ ಕೂಸಿದ್ದ ಹೆಂಗಸು ಬಂದರಂತೂ ಎರಡೂ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದ. ಕೂಸಿಗೆ ನೀರು ಬರುವ ಜಾಗ ಎರಡಿವೆ, ಯಾವುದನ್ನೂ ನಂಬುವಂತಿಲ್ಲ ಅನ್ನುವುದು ಅವನ ಮಾತು.

ಕಾರಣ ಇತ್ತು. ಹಿಂಜಿ ಅರಳಿಸಿದ ಹತ್ತಿಗೆ ನೀರು ಬಿದ್ದರೆ ಅದು ಗಂಟಾಗುತ್ತದೆ, ಮತ್ತೆ ಏಳುವುದಿಲ್ಲ. ಪಿಂಜಾರನ ಒಂದು ದಿನದ ದುಡಿಮೆ ಒಂದು ಸೀನಿಗೆ ಹಾಳಾಗಬಹುದು. ಅದಕ್ಕೇ ಅವನು ಸೀನು ಬಂದರೆ ಬಜಾರಿಗೆ ಓಡಿಹೋಗಿ ಸೀನಿ ಬರುತ್ತಿದ್ದ.

ಅವನ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಮಾಡಿನಿಂದ ತೂಗುಬಿಟ್ಟ ದೊಡ್ಡ ಬಿಲ್ಲಿನ ನರಕ್ಕೆ ಅವನು ಕೊಡತಿಯಿಂದ ಹೊಡೆದರೆ ಟುಂಯ್, ಟುಂಯ್ ಅಂತ ಸದ್ದಾಗಿ, ಗೋಡೆ ನಡುಗಿ, ನನ್ನ ಮಿಷನ್ನಿನ ಸೂಜಿಯೂ ನಡುಗುತ್ತಿತ್ತು. ಆ ಸದ್ದಿಗೆ ಕಾಲು ಹೊಂದಿಸಿ ತುಳಿಯುವುದನ್ನು ನಾನು ಕಲಿತಿದ್ದೆ. ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೆ. ಆಗ ನಿಜಾಮರ ಕಾಲ, ಕಚೇರಿಯೂ ಉರ್ದು, ಶಾಲೆಯೂ ಉರ್ದು. ನಾನು ಅಲಿಫ್ ಬೇ ಮುಗಿಯುವ ಮೊದಲೇ ಎದ್ದು ಬಂದು ಸೂಜಿ ಹಿಡಿದವನು. ನನ್ನ ಹೊಲಿಗೆ ಬಿಚ್ಚಿತು ಅಂತ ಇಂದಿನವರೆಗೆ ಒಬ್ಬರೂ ಬಂದಿಲ್ಲ. ಗಾದಿಗೆ ಹತ್ತಿ ಅವನದು, ಚೀಲ ನನ್ನದು. ಹೀಗಾಗಿ ನಾವಿಬ್ಬರೂ ಜೋಡಿ. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ನಾನು ಅವನನ್ನು ಮಾಮಾ ಅನ್ನುತ್ತಿದ್ದೆ. ಅವನು ನನ್ನನ್ನು ನಾಮಣ್ಣ ಅನ್ನುತ್ತಿದ್ದ.

ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲದರ ಮೇಲೂ ಹತ್ತಿ ಕೂತು ಮುದುಕನಂತೆ ಕಾಣುತ್ತಿದ್ದ. ಶುಕ್ರವಾರ ಮಸೀದಿಗೆ ಹೋಗುವಾಗ ಮುಖ ತೊಳೆದರೆ ಹತ್ತು ವರ್ಷ ಸಣ್ಣವನಾಗಿ ಹೊರಬರುತ್ತಿದ್ದ. ಬಾಯಿ ಮಾತ್ರ ಎಂದೂ ಮುದಿಯಾಗಲಿಲ್ಲ. ಅವನು ಹೇಳಿದ ಸುಳ್ಳುಗಳನ್ನು ತುಂಬಿದ್ದರೆ ಯಾದಗಿರಿ ಸ್ಟೇಷನ್ನಿನಿಂದ ಒಂದು ಗೂಡ್ಸ್ ಗಾಡಿ ಹೊರಡಬಹುದಿತ್ತು. ತಾನು ಹಿಂಜಿದ ಹತ್ತಿಯ ಒಂದು ಎಳೆಯನ್ನು ಶಹಾಪುರದ ಗುಡ್ಡದ ಮೇಲಿಂದ ಬಿಟ್ಟಿದ್ದನಂತೆ. ಅದು ತೇಲುತ್ತ ಹೋಗಿ ಸುರಪುರದ ಬಜಾರಿನಲ್ಲಿ ಇಳಿಯಿತಂತೆ. ಅಲ್ಲಿಯ ಪಿಂಜಾರರು ಹಿಡಿದು ನೋಡಿ, ಇದು ಲಾಲಸಾಬನದು ಅಂತ ಗುರುತಿಸಿ, ಟೊಪ್ಪಿಗೆ ತೆಗೆದು ಸಲಾಮು ಮಾಡಿದರಂತೆ. ಹೈದರಾಬಾದಿನ ಒಬ್ಬ ನವಾಬ ಇವನ ಗಾದಿಯ ಮೇಲೆ ಮಲಗಿ ಎದ್ದಾಗ ಎದುರಿಗಿದ್ದ ಬೇಗಂ ಯಾರು ಅಂತ ಮರೆತಿದ್ದನಂತೆ. ಇವೆಲ್ಲ ಎದುರಿನ ಹೋಟೆಲಿನಲ್ಲಿ ದಿನಾ ನಡೆಯುತ್ತಿದ್ದವು. ಮಂದಿ ನಗುತ್ತಿದ್ದರು, ಒಬ್ಬರೂ ನಂಬುತ್ತಿರಲಿಲ್ಲ. ಅವನಿಗೆ ನಗು ಬಂದರೆ ಸಾಕು, ನಂಬಿಕೆ ಬೇಕಿರಲಿಲ್ಲ.

ಇಂಥ ಬಾಯಿಯವನ ಹತ್ತಿರ ಒಂದು ಗುಟ್ಟು ಬಂತು.

ತಂದವರು ಸುರಪುರದ ಒಬ್ಬ ವಕೀಲರು. ಹೆಸರು ಬೇಡ, ರಾಯರು ಅಂದರೆ ಸಾಕು. ಶೇರವಾನಿ ತೊಟ್ಟು, ರುಮಾಲು ಸುತ್ತಿ ಅದಾಲತ್ತಿನಲ್ಲಿ ನಿಂತರೆ ಮುನಸೀಫರೂ ನೆಟ್ಟಗೆ ಕೂರುತ್ತಿದ್ದರು. ಅಂಥವರು ಕಾರಕೂನನನ್ನೂ ಕರೆತರದೆ ಟಾಂಗಾದಲ್ಲಿ ಒಬ್ಬರೇ ಬಂದು ಇಳಿದರು. ಮಗಳ ಮದುವೆ ಗೊತ್ತಾಗಿದೆ, ಬೀಗರಿಗೆ ಗಾದಿ, ತೆಕ್ಕೆದಿಂಬು, ಲೋಡು ಬೇಕು ಅಂದರು. ಅಳತೆ ಹೇಳುವಾಗ ನಾನೂ ಅಲ್ಲಿದ್ದೆ. ಅಳತೆ ಮುಗಿದರೂ ಅವರು ಏಳಲಿಲ್ಲ. ಟಾಂಗಾದವನನ್ನು ಎಲೆ ಅಡಿಕೆಗೆ ಕಳಿಸಿ, ಗೋಡೆಯನ್ನೇ ನೋಡುತ್ತ ಹೇಳಿದರು.

"ಲಾಲಸಾಬ, ಹಿಂದ ಜಡ್ಡಾಗಿ ಎದ್ದೇನಲ್ಲ, ಅವತ್ತಿನಿಂದ ನನಗ ಉಚ್ಚಿ ತಡೀಲಿಕ್ಕೆ ಆಗೋದಿಲ್ಲ. ಬಂದದ್ದೂ ತಿಳಿಯೋದಿಲ್ಲ."

ಲಾಲಸಾಬನ ಕೈಯಲ್ಲಿದ್ದ ಹತ್ತಿ ಕೈಯಲ್ಲೇ ಉಳಿಯಿತು.

ಅದಾಲತ್ತಿನಲ್ಲಿ ಹೇಗೋ ನಡೆಯುತ್ತಿತ್ತಂತೆ. ಶೇರವಾನಿ ಉದ್ದ, ಬಣ್ಣ ಕಪ್ಪು. ಒಳಗೆ ಬಟ್ಟೆ ಮಡಿಚಿಟ್ಟುಕೊಂಡು ಹೋಗುವುದು, ತೊಯ್ಯುವ ಹೊತ್ತಿಗೆ ಮುಂದಿನ ತಾರೀಖಿಗೆ ವಾಯಿದೆ ಕೇಳಿ ಹೊರಬೀಳುವುದು. ರಾಯರು ಮೇಲಿಂದ ಮೇಲೆ ವಾಯಿದೆ ಕೇಳುವುದರ ಹಿಂದೆ ಏನೋ ದೊಡ್ಡ ಹೂಟ ಇದೆ ಅಂತ ಎದುರು ಪಕ್ಷದವರು ಹೆದರಿ ರಾಜಿಗೆ ಬರುತ್ತಿದ್ದರಂತೆ. ಇದನ್ನು ಹೇಳುವಾಗ ರಾಯರೂ ನಕ್ಕರು. ಆದರೆ ಮದುವೆಗೆ ವಾಯಿದೆ ಇಲ್ಲ. ಕನ್ಯಾದಾನಕ್ಕೆ ತಂದೆ ಮಗಟ ಉಟ್ಟು ಮಣೆಯ ಮೇಲೆ ಕೂರಬೇಕು. ಕೂತರೆ ಪುರೋಹಿತರು ಮುಗಿಸುವವರೆಗೆ ಏಳುವಂತಿಲ್ಲ. ಮಗಟವೋ ತೆಳ್ಳಗಿನ ರೇಷ್ಮೆ, ಒಂದು ಹನಿ ಬಿದ್ದರೂ ಊರಿಗೆಲ್ಲ ಕಾಣುತ್ತದೆ. ತಾವು ಕೂರದಿದ್ದರೆ ತಮ್ಮ ಕೂರುತ್ತಾನೆ, ಆ ತಮ್ಮನೊಡನೆ ಹೊಲದ ಬದುವಿನ ವ್ಯಾಜ್ಯವಾಗಿ ಮಾತು ಬಿಟ್ಟು ವರ್ಷಗಳಾಗಿವೆ. ಮಗಳು ವೇಣಕ್ಕ ಏನೂ ಅರಿಯದೆ, ಅಪ್ಪನ ಕೈಯಿಂದಲೇ ಧಾರೆ ಆಗಬೇಕು ಅಂತ ಕೂತಿದ್ದಾಳೆ. ಈ ಸಂಗತಿ ಗೊತ್ತಿದ್ದವರು ಹೆಂಡತಿ ಒಬ್ಬರೇ.

"ಹತ್ತಿ ಎಲ್ಲಾ ಹೀರ್ತದಂತಾರ. ಒಳಗ ಉಡೋ ಹಂಗ ಏನಾರ ಮಾಡಿಕೊಡ್ರಿ ಇಬ್ಬರೂ ಕೂಡಿ," ಅಂದರು ರಾಯರು. "ಆದರ ಈ ಮಾತು ಈ ಗ್ವಾಡಿ ದಾಟಿತಂದ್ರ ನಾ ಅದಾಲತ್ತಿನ ಮೆಟ್ಟಲಾ ಹತ್ತೋದಿಲ್ಲ, ಬೀಗರ ಮುಂದ ನಿಲ್ಲೋದೂ ಇಲ್ಲ."

ಲಾಲಸಾಬ ಎದೆಯ ಮೇಲೆ ಕೈಯಿಟ್ಟು, ತನ್ನ ಹೊಟ್ಟೆಗೆ ಹೋದ ಮಾತು ಗೋರಿಗೆ ಹೋದಂತೆ ಅಂದ. ನಾನು ನೆಲ ನೋಡಿದೆ. ಆ ಹೊಟ್ಟೆಯಲ್ಲಿ ಮಾತು ಒಂದು ಚಹಾ ಆರುವಷ್ಟು ಹೊತ್ತೂ ನಿಂತದ್ದನ್ನು ನಾನು ನೋಡಿರಲಿಲ್ಲ.

ಟಾಂಗಾ ಹೊರಟಿತು. ಲಾಲಸಾಬ ರೂಢಿಯಂತೆ ನೇರವಾಗಿ ಹೊಸ್ತಿಲಿಗೆ ಹೋಗಿ ಹೋಟೆಲಿನ ಕಡೆ ಬಾಯಿ ತೆಗೆದ. ನಾನು ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡೆ. ಹೋಟೆಲಿನವರು, ವಕೀಲರು ಯಾಕೆ ಬಂದಿದ್ದರು ಅಂತ ಕೇಳಿದರು. ಅವನ ಬಾಯಿ ತೆರೆದೇ ಇತ್ತು. ಕೊನೆಗೆ, "ಗಾದಿ ಬೇಕಂತ," ಅಂದು ಒಳಗೆ ಬಂದು ಕೂತು ಬೆವರು ಒರೆಸಿಕೊಂಡ. ಅಂಗಡಿಯೊಳಗೇ ಒರೆಸಿಕೊಂಡ. ಅಷ್ಟು ಸಣ್ಣ ಉತ್ತರ ಕೊಟ್ಟು ಅವನಿಗೆ ರೂಢಿ ಇರಲಿಲ್ಲ.

ಮರುದಿನವೇ ಕೆಲಸ ಹಿಡಿದ. ಇದ್ದುದರಲ್ಲಿ ಹೊಸ ಹತ್ತಿ ಆರಿಸಿ ಹಿಂಜಿ, ಮತ್ತೆ ಹಿಂಜಿ, ಬೆಳ್ಳಿಮೋಡದ ಹಾಗೆ ಅರಳಿಸಿದ. ನಾನು ಹಳೆಯ ಮಲಮಲ್ಲಿನಲ್ಲಿ ಅದನ್ನು ಸುತ್ತಿ ಲಂಗೋಟಿಯ ಅಳತೆಗೆ ಹೊಲಿದೆ. ಇಬ್ಬರೂ ಹಿತ್ತಲಿಗೆ ಹೋದೆವು. ಲಾಲಸಾಬ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಖ ತಿರುವಿ, ಕುರಿಗೆ ಕತ್ತಿ ಇಡುವವನ ಹಾಗೆ ಬಿಸ್ಮಿಲ್ಲಾ ಅಂದು ನೀರು ಹನಿಸಿದ.

ಹತ್ತಿ ನೀರನ್ನು ಮುಟ್ಟಲಿಲ್ಲ. ಮಲಮಲ್ಲನ್ನು ತೋಯಿಸಿದ ನೀರು ಒಳಗೆ ಇಳಿಯದೆ ಪಕ್ಕಕ್ಕೆ ಜಾರಿ ಅವನ ಲುಂಗಿ ಸೇರಿತು. ಬಟ್ಟೆ ಬಿಚ್ಚಿ ಬರೀ ಹತ್ತಿಯ ಮೇಲೆ ಹಾಕಿ ನೋಡಿದೆವು. ಕೆಸುವಿನ ಎಲೆಯ ಮೇಲಿನಂತೆ ಮುತ್ತು ಮುತ್ತಾಗಿ ಉರುಳಿ ಹೋಯಿತು. ಹತ್ತಿಯನ್ನು ಬಕೀಟಿನಲ್ಲಿ ಹಾಕಿದರೆ ಬಾತುಕೋಳಿಯ ಹಾಗೆ ತೇಲಿತು.

ಲಾಲಸಾಬ ಬಹಳ ಹೊತ್ತು ನೋಡಿ, ನೀರು ಕೆಟ್ಟಿದೆ ಅಂದ.

ನಾನು ನಗಲಿಲ್ಲ, ಯಾಕೆಂದರೆ ಅವನು ಮನಸಾರೆ ಹೇಳಿದ್ದ. ಮೂವತ್ತು ವರ್ಷ ಹತ್ತಿಯ ಬಳಿ ನೀರನ್ನು ಸುಳಿಯಗೊಡದವನಿಗೆ ಹತ್ತಿ ನೀರಿನೊಡನೆ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಿರುವುದಾದರೂ ಹೇಗೆ? ತನ್ನ ಹತ್ತಿಯಲ್ಲಿ ದೋಷ ಇರಬಹುದು ಅನ್ನುವುದಂತೂ ಅವನ ತಲೆಗೆ ಹೋಗಲಿಲ್ಲ. ನಮ್ಮ ಬಾವಿಯ ನೀರು ಸವಳು, ಅದಕ್ಕೇ ಹೀಗೆ ಅಂದು ಮಸೀದಿಯ ಬಾವಿಯ ನೀರು ತಂದ. ಅದೂ ಉರುಳಿತು. ಸಗರಕ್ಕೆ ಹೋಗುವ ಬಂಡಿಯವನಿಗೆ ಹೇಳಿ ಅಲ್ಲಿಯ ಸಿಹಿನೀರು ತರಿಸಿದ. ಅದು ಇನ್ನೂ ಚೆಂದಾಗಿ ಉರುಳಿತು. ಬಂಡಿಯವನು, ಸಗರದ ನೀರು ಯಾಕೆ ಅಂತ ಕೇಳಿದ್ದಕ್ಕೆ, ಹೈದರಾಬಾದಿನ ನವಾಬನಿಗೆ ಕಣ್ಣಿನ ಬೇನೆ, ಹಕೀಮರು ಬೇಡಿದ್ದಾರೆ ಅಂದ. ಈಗ ಅವನ ಸುಳ್ಳಿಗೆ ಒಂದು ಉದ್ಯೋಗ ಸಿಕ್ಕಿತ್ತು.

ದಾರಿ ತೋರಿದ್ದು ಒಂದು ಜಗಳ. ಅಗಸರ ಹಣಮವ್ವ ಹತ್ತಿ ತುಂಬಿದ ಒಂದು ಹಳೆಯ ಹಸಿ ದುಪ್ಪಟಿಯನ್ನು ಹೆಗಲ ಮೇಲೆ ಹೊತ್ತು ತಂದು, ಅಂಗಡಿಯ ಮುಂದೆ ಧೊಪ್ಪೆಂದು ಎಸೆದಳು. ಯಾವುದೋ ಮನೆಯವರು ಹತ್ತಿ ತೆಗೆಯದೆ ಹಾಗೇ ಒಗೆಯಲು ಕೊಟ್ಟಿದ್ದರು. ಲಾಲಸಾಬ ಒಳಗಿನಿಂದ, ನೀರು, ನೀರು ಅಂತ ಕೂಗಿಕೊಂಡ. ಒಗೆಯುವವರು ಹತ್ತಿ ಮುಟ್ಟಬಾರದು ಅಂತ ಅವನು, ನಿನ್ನ ಹತ್ತಿ ಎತ್ತಿ ನನ್ನ ನಡ ಮುರಿಯಿತು ಅಂತ ಅವಳು.

"ಏನ್ ಹತ್ತಿ ತುಂಬಿಯೋ ಮಾರಾಯ," ಅಂದಳು ಅವಳು. "ಒಂದ್ ಸಲ ಸೋಡಾ ಹಾಕಿ ಉಬ್ಬಿ ಮ್ಯಾಲ ಇಟ್ಟೀನಿ, ಬಾಣಂತಿ ಎಮ್ಮಿ ಕುಡದಂಗ ಹಳ್ಳದ ನೀರೆಲ್ಲಾ ಕುಡದದ. ಹಿಂಡಿದ್ರೂ ಬಿಡವಲ್ದು."

ಲಾಲಸಾಬ ಬೈಯಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತ. ಆಮೇಲೆ ಅವನು ಮಾಡಿದ್ದನ್ನು ನೋಡಿ ಹಣಮವ್ವ ಹಿಂದೆ ಸರಿದಳು. ಅವನು ಹೊರಗೆ ಬಂದು, ಆ ಹಸಿ ದುಪ್ಪಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಲಿಗೆ ಹರಿದು, ಒಳಗಿನ ಕಪ್ಪು ಗಂಟು ಹತ್ತಿಯನ್ನು ಮಗುವಿನ ಗಲ್ಲ ಮುಟ್ಟುವ ಹಾಗೆ ಮುಟ್ಟಿ ನೋಡಿದ.

ಹೊಸ ಹತ್ತಿಯಲ್ಲಿ ಜಿಡ್ಡು ಇರುತ್ತದೆ, ಸೋಡಾ ಹಾಕಿ ಕುದಿಸಿದರೆ ಅದು ಬಿಡುತ್ತದೆ, ಬಿಟ್ಟ ಮೇಲೆ ಹತ್ತಿ ನೀರು ಕುಡಿಯುತ್ತದೆ. ಇಷ್ಟೇ ಸಂಗತಿ. ಅವನು ಒಂದು ಹೊರೆ ಹೊಸ ಹತ್ತಿಯನ್ನು ಹಣಮವ್ವನಿಗೆ ಕೊಟ್ಟು ಸೋಡಾ ನೀರು ಕುದಿಯುವ ಉಬ್ಬೆಗೆ ಹಾಕಿಸಿದ. ನವಾಬನಿಗೆ ಈಗ ಕಣ್ಣು ವಾಸಿಯಾಗಿ ಬೆನ್ನಲ್ಲಿ ಹುಣ್ಣು ಎದ್ದಿತ್ತು, ಅದಕ್ಕೆ ಕುದಿಸಿದ ಹತ್ತಿ ಬೇಕಿತ್ತು. ಹತ್ತಿ ಕಂಬಳಿಯ ಚೂರಿನಂತೆ ಜಡೆಗಟ್ಟಿ ಬಂತು. ಬಿಸಿಲಿಗೆ ಒಣಗಿಸಿ ಬಿಲ್ಲಿಗೆ ಹಾಕಿದ. ನೀರಿಗೆ ಬಿದ್ದ ಹತ್ತಿ ಮತ್ತೆ ಏಳುವುದಿಲ್ಲ ಅಂತ ಅವನಪ್ಪ ಹೇಳಿದ್ದ, ಅವನಜ್ಜನೂ ಹೇಳಿದ್ದ. ಅದು ಎದ್ದಿತು. ಬಹಳ ಹೊಡೆಸಿಕೊಂಡು, ಸಣ್ಣಗೆ ಸಣ್ಣಗೆ ಎದ್ದಿತು. ಬಕೀಟಿಗೆ ಹಾಕಿದರೆ ಕಲ್ಲಿನಂತೆ ಮುಳುಗಿತು. ಲಾಲಸಾಬನ ಕಣ್ಣು ತುಂಬಿದವು. ಉಳಿದ ಹತ್ತಿಯ ಮೇಲೆ ಹನಿ ಬೀಳದಂತೆ ಅವನು ಓಡಿ ದೂರ ಹೋದ.

ಈಗ ಉಟ್ಟು ನೋಡುವವರು ಬೇಕಿತ್ತು. ನಾನು ಕಡ್ಡಿ ಮುರಿದಂತೆ ಆಗುವುದಿಲ್ಲ ಅಂದೆ, ಬಜಾರಿನಲ್ಲಿ ನನಗೊಂದು ಹೆಸರಿದೆ. ಲಾಲಸಾಬ ತಾನೇ ಉಟ್ಟ. ಲುಂಗಿಯೊಳಗೆ ಬೆಚ್ಚನೆಯ ನೀರು ಹಾಕಿಕೊಂಡು, ಮದುಮಗನಂತೆ ಕಾಲು ಅಗಲಿಸಿ ಹೆಜ್ಜೆ ಇಡುತ್ತ, ನನ್ನನ್ನೂ ಕರೆದುಕೊಂಡು ಹೋಟೆಲಿಗೆ ಹೋಗಿ ಬೆಂಚಿನ ಮೇಲೆ ಕೂತ. ಮಂದಿಯ ನಡುವೆ ಕೂತು ಏಳಬೇಕು, ಆಗಲೇ ಖರೆ ಪರೀಕ್ಷೆ ಅನ್ನುವುದು ಅವನ ಲೆಕ್ಕ. ನಡೆಯುವವರೆಗೆ ಎಲ್ಲ ಸರಿಯಿತ್ತು. ಕೂತ ಮೇಲೆ ಕೆಟ್ಟಿತು. ಕುಡಿದ ಹತ್ತಿಯ ಮೇಲೆ ಗಂಡಾಳಿನ ಭಾರ ಬಿದ್ದರೆ ಅದು ಹಿಂಡಿದ ಹಾಗೆ ಬಿಡುತ್ತದೆ ಅಂತ ನಮಗೆ ಹೊಳೆದಿರಲಿಲ್ಲ. ಚಹಾ ಬರುವ ಹೊತ್ತಿಗೆ ಬೆಂಚಿನ ಕೆಳಗೆ ತಟ, ತಟ ಅಂತ ಸದ್ದು ಶುರುವಾಯಿತು.

ಬಟ್ಟೆ ವ್ಯಾಪಾರದ ಮಲ್ಲಣ್ಣ ಎದುರಿಗೇ ಕೂತಿದ್ದ. ಅವನು ಬಗ್ಗಿ ಕೆಳಗೆ ನೋಡಿದ. ಆಮೇಲೆ ಲಾಲಸಾಬನ ಲುಂಗಿ ನೋಡಿದ. ಆಮೇಲೆ ಇಡೀ ಹೋಟೆಲು ನೋಡಿತು.

ಅವನಿಗೆ ಒಂದು ಸುಳ್ಳು ಸಾಕಿತ್ತು. ಆದರೆ ಯಾವ ಸುಳ್ಳು ಹೇಳಿದರೂ ಮಂದಿ ಮುಂದಿನ ಮಾತು ಕೇಳುತ್ತಿದ್ದರು, ಲುಂಗಿಯ ಒಳಗೆ ಉಬ್ಬಿದ್ದು ಏನು ಅಂತ ಕೇಳುತ್ತಿದ್ದರು. ಅಲ್ಲಿಂದ ವಕೀಲರ ಟಾಂಗಾದವರೆಗೆ ಬಹಳ ದೂರ ಇರಲಿಲ್ಲ. ಲಾಲಸಾಬ ಒಂದು ಗುಟುಕು ಚಹಾ ಕುಡಿದು ಬಸಿ ಕೆಳಗಿಟ್ಟ.

"ವಯಸ್ಸಾತಪ," ಅಂದ. "ತಡೀಲಿಲ್ಲ."

ಆಮೇಲೆ ಎದ್ದು, ಹಿಂದೆ ಕೈ ಅಡ್ಡ ಹಿಡಿದುಕೊಂಡು, ಬಜಾರು ದಾಟಿ ನಡೆದ. ಆ ಸಂಜೆಯೇ ಅವನಿಗೆ 'ಹಸಿ ಲಾಲಸಾಬ' ಅನ್ನುವ ಹೆಸರು ಬಿತ್ತು. ಹೊಸ್ತಿಲಲ್ಲಿ ನೀರು ಕಂಡರೆ ಕೂಗಾಡುತ್ತಿದ್ದವನಿಗೆ ಈ ಹೆಸರು ಬಿದ್ದದ್ದಕ್ಕೆ ಊರಿಗೆ ಎರಡು ಪಟ್ಟು ಖುಷಿ.

ಅವನ ಹೆಂಡತಿ ಬೀಬೀಜಾನಳು ಹಕೀಮರ ಬಳಿ ಹೋಗು ಅಂತ ಅತ್ತಳು. ಅವಳಿಗೂ ಹೇಳಲಿಲ್ಲ. ಬೆಳಿಗ್ಗೆ ನಾನು ಅಂಗಡಿ ತೆರೆಯುವಾಗ ಅವನು ಕೆಲಸಕ್ಕೆ ಬಾರದೆಂದು ಮೂಲೆಗೆ ಸರಿಸಿದ್ದ ಕುದಿಸದ ಹೊಸ ಹತ್ತಿಯನ್ನು, ಅದೇ ನೀರು ಮುಟ್ಟದ್ದನ್ನು, ಅಂಗೈಯಲ್ಲಿ ಹಿಡಿದು ಕೂತಿದ್ದ.

"ನಾಮಣ್ಣ, ಸೇಂದಿ ದುಕಾನಕ್ಕ ಎಂಥಾವನ್ನ ಕಾವಲಿಡ್ತಾರ?"

"ಕುಡೀದಾವನ್ನ," ಅಂದೆ.

"ಹೌದಿಲ್ಲ? ಒಳಗ ಕುಡಿಯೋ ಹತ್ತಿ ಇರಲಿ. ಹೊರಗ ಇವನ್ನ ನಿಂದ್ರಸೂಣು. ಇವ ನನ್ನಪ್ಪನಾಣಿ ಒಂದ್ ಹನಿ ಮುಟ್ಟಂಗಿಲ್ಲ."

ಹೀಗೆ ಎರಡು ಹತ್ತಿಯಾಯಿತು. ಮೈಗೆ ತಾಗುವ ಕಡೆ ಮಲಮಲ್ಲು, ಅದರ ಕೆಳಗೆ ಕುದಿಸಿದ ಹತ್ತಿ, ಅದರ ಕೆಳಗೆ ಒತ್ತಿ ಒತ್ತಿ ಹಾಸಿದ ಕುದಿಸದ ಹತ್ತಿ, ಎಲ್ಲಕ್ಕೂ ಹೊರಗೆ ಮೇಣ ತಿಕ್ಕಿದ ಒತ್ತು ನೇಯ್ಗೆಯ ಬಟ್ಟೆ. ಇಲ್ಲಿ ನನ್ನ ಕೆಲಸವೂ ಇತ್ತು, ಅದನ್ನು ಹೇಳದೆ ಬಿಡುವುದಿಲ್ಲ. ಕೂತಾಗ ಹತ್ತಿ ಸರಿಯದಂತೆ ಕೌದಿಯ ಹಾಗೆ ದಟ್ಟಗೆ ಹೊಲಿಯಬೇಕು, ಆದರೆ ಸೂಜಿ ಹೊರಗಿನ ಪದರಕ್ಕೆ ಹೋದರೆ ಆ ತೂತಿನಿಂದಲೇ ನೀರು ಇಳಿಯುತ್ತದೆ. ಅದಕ್ಕೆ ಒಳಗಿನದನ್ನು ಬೇರೆ ಹೊಲಿದು, ಹೊರಗಿನದನ್ನು ಅಂಚಿನಲ್ಲಿ ಮಾತ್ರ ಹಿಡಿದು, ತೊಡೆಯ ಕಡೆ ದಂಡೆ ಎತ್ತರಿಸಿದೆ. ಈ ಸಲ ಲಾಲಸಾಬ ಉಟ್ಟು ಹೋಟೆಲಿನಲ್ಲಿ ಕೂತು ಎದ್ದು, ಮತ್ತೆ ಕೂತು, ಮಲ್ಲಣ್ಣನ ಚೇಷ್ಟೆ ಎಲ್ಲ ಕೇಳಿ, ಒಂದು ಹನಿ ಬೀಳಿಸದೆ ಬಂದ. ಎದ್ದು ಬರುವಾಗ ಬೆಂಚನ್ನು ತಿರುಗಿ ನೋಡಿದ. ಒಣ ಹಲಗೆಯನ್ನು ಯಾರೂ ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ಗಾದಿಗಳ ಜೊತೆ ಅದನ್ನೂ ಬಂಡಿಯಲ್ಲಿ ಹೇರಿಕೊಂಡು ಸುರಪುರಕ್ಕೆ ಹೋದೆವು. ರಾಯರ ಕೈಗೆ ಕೊಡುವಾಗ ಲಾಲಸಾಬನಿಗೆ ಒಂದು ಅಳುಕು. ಮಗಟವೆಂದರೆ ಮಡಿ. ಇದನ್ನು ಹಿಂಜಿದವನು ಸಾಬ, ಹೊಲಿದವನು ಸಿಂಪಿಗ, ಕುದಿಸಿದವಳು ಅಗಸಗಿತ್ತಿ. ಉಡಬಹುದೋ ಇಲ್ಲವೋ ಅಂತ ಕೇಳಿದ.

"ದೇವರಿಗೆ ಏರಿಸೋ ಗೆಜ್ಜಿವಸ್ತ್ರಾನೂ ಹತ್ತೀದೇ ಅದ," ಅಂದರು ರಾಯರು. "ಉಳಿದದ್ದು ದೇವರ ಮುಂದ ನಾ ವಾದಾ ಮಾಡ್ತೀನಿ. ಆ ಅದಾಲತ್ತಿನೊಳಗ ವಾಯಿದೆ ಕೇಳೋದಿಲ್ಲ."

ಮದುವೆಯ ದಿನ ನಾವಿಬ್ಬರೂ ಹಂದರದ ಅಂಚಿನಲ್ಲಿ, ಬೀಗರಿಗೆಂದು ಹಾಸಿದ ನಮ್ಮದೇ ಗಾದಿಯ ತುದಿಯಲ್ಲಿ ಕೂತಿದ್ದೆವು. ರಾಯರು ಮಗಟ ಉಟ್ಟು ಮಣೆಯ ಮೇಲೆ ಕೂತರು. ಪುರೋಹಿತರು ಬಹಳ ದೊಡ್ಡ ವಿದ್ವಾಂಸರಂತೆ. ಅಂದರೆ ಬೇರೆಯವರು ಬಿಡುವ ಮಂತ್ರವನ್ನೂ ಅವರು ಬಿಡುವುದಿಲ್ಲ. ಗೋತ್ರ ಹೇಳಿದರು, ಮುತ್ತಜ್ಜನ ಹೆಸರು ಹೇಳಿದರು, ಮತ್ತೆ ಹಿಂದಿನಿಂದ ಹೇಳಿದರು. ನೀರು ಬಿಡಿ ಅನ್ನುವರು, ರಾಯರು ಬಿಡುವರು, ಅದು ತಟ್ಟೆಗೆ ಬೀಳುವ ಸದ್ದಿಗೆ ಪ್ರತಿ ಸಲವೂ ಲಾಲಸಾಬ ನನ್ನ ತೋಳು ಹಿಡಿಯುವನು. ಅವನ ಕಣ್ಣು ಮದುಮಗಳ ಮೇಲಿರಲಿಲ್ಲ, ಹೋಮದ ಮೇಲಿರಲಿಲ್ಲ. ಮಣೆಯ ಮೇಲಿತ್ತು.

ಅಷ್ಟರಲ್ಲಿ ಶಹಾಪುರದಿಂದ ಬಂದಿದ್ದ ಮಲ್ಲಣ್ಣ ನಮ್ಮನ್ನು ನೋಡಿದ. ಮಂತ್ರದ ನಡುವೆ ಪುರೋಹಿತರು ಉಸಿರು ತೆಗೆದುಕೊಂಡ ಹೊತ್ತು ನೋಡಿ, ಎಲ್ಲರಿಗೂ ಕೇಳುವಂತೆ ಅಂದ:

"ಏ ಹಸಿ ಲಾಲಸಾಬ, ಗಾದಿ ಮ್ಯಾಲ ಕುಂದರಬ್ಯಾಡೋ ಮಾರಾಯ. ಬೀಗರು ಮಲಗೋದದ."

ಶಹಾಪುರದವರು ನಕ್ಕರು. ಸುರಪುರದವರು ಏನು ಅಂತ ಕೇಳಿದರು, ಅವರಿಗೆ ಹೋಟೆಲಿನ ಕಥೆ ದಾಟಿತು, ಅವರೂ ನಕ್ಕರು. ನಗು ಹಂದರದ ಒಂದು ತುದಿಯಿಂದ ಇನ್ನೊಂದಕ್ಕೆ ಹರಿದು ರಾಯರ ಮಣೆಯ ತನಕ ಹೋಯಿತು. ರಾಯರ ಕೈಯಲ್ಲಿದ್ದ ಗಿಂಡಿ ನಿಂತಿತು. ಶಹಾಪುರದಲ್ಲಿ ಏನು ನಡೆದಿತ್ತು ಅನ್ನುವುದು ಅವರಿಗೆ ಆಗಷ್ಟೇ ಗೊತ್ತಾದದ್ದು. ಅವರು ತಲೆಯೆತ್ತಿ ನೇರವಾಗಿ ಲಾಲಸಾಬನನ್ನು ನೋಡಿದರು. ಬಾಯಿ ತೆರೆದರು. ಎಲ್ಲಿ ಏನು ಹೇಳಿಬಿಡುತ್ತಾರೋ ಅಂತ ನಾನು ಹೆದರಿದೆ.

ಲಾಲಸಾಬ ಅವರಿಗಿಂತ ಮೊದಲು ಮಾತಾಡಿದ. "ಖರೇ ಅದರಿ," ಅಂದ. "ನಾ ನೆಲದ ಮ್ಯಾಲ ಕುಂದರ್ತೀನಿ." ಗಾದಿ ಬಿಟ್ಟು ಇಳಿದು, ಬರೀ ನೆಲದ ಮೇಲೆ ಕೂತು, ಮುಂದುವರಿಸಿರಿ ಅನ್ನುವಂತೆ ಪುರೋಹಿತರಿಗೆ ಕೈ ಮಾಡಿದ. ಮತ್ತೊಂದು ನಗು ಎದ್ದು ಅಡಗಿತು.

ರಾಯರು ಗಿಂಡಿ ಬಗ್ಗಿಸಿದರು. ವೇಣಕ್ಕನ ಕೈಯ ಮೇಲಿಂದ ಅಳಿಯನ ಕೈಯ ಮೇಲೆ ಧಾರೆಯ ನೀರು ಹರಿಯಿತು. ವಾಲಗ ಜೋರಾಯಿತು, ಅಕ್ಷತೆ ಬಿತ್ತು. ಎಲ್ಲ ಮುಗಿದು ರಾಯರು ಎದ್ದರು. ಮಗಟ ತೊಯ್ದಿರಲಿಲ್ಲ. ಮಣೆಯ ಮೇಲೆ ಬರೀ ಅಕ್ಷತೆ ಇತ್ತು. ಲಾಲಸಾಬ ಲುಂಗಿಯಿಂದ ಮುಖ ಒರೆಸಿಕೊಂಡ. ಮಲ್ಲಣ್ಣ ಅದಕ್ಕೂ ಒಂದು ಮಾತು ಹೇಳಿದ, ಅದು ಬೇಡ.

ಊಟಕ್ಕೆ ನಮಗೆ ಬೇರೆ ಪಂಕ್ತಿ, ಹಿತ್ತಲಲ್ಲಿ. ಅಲ್ಲಿಗೆ ಬಡಿಸಲು ಬಂದವರು ರಾಯರೇ. ಮದುಮಗಳ ತಂದೆ ಹಿತ್ತಲ ಪಂಕ್ತಿಗೆ ಬಂದದ್ದನ್ನು ನೋಡಿ ಅಡುಗೆಯವರು ಕೆಲಸ ಬಿಟ್ಟು ನಿಂತರು. ಲಾಲಸಾಬ ಸಾಕು ಅಂದರೂ ರಾಯರು ಬುಂದಿ ಹಾಕುತ್ತಲೇ ಹೋದರು, ಎಲೆ ಕಾಣದಂತಾಯಿತು.

ಆಮೇಲೆ ಒಮ್ಮೆ ಶಹಾಪುರಕ್ಕೆ ಬಂದಾಗ ರಾಯರು, ಹೋಟೆಲಿಗೆ ಹೋಗಿ ನಾನೇ ಹೇಳಿಬಿಡುತ್ತೇನೆ, ಈ ಹೆಸರು ನಿನಗೆ ಬೇಡ ಅಂತ ಎದ್ದರು. ಲಾಲಸಾಬ ಬಾಗಿಲಿಗೆ ಅಡ್ಡ ನಿಂತ. ನನ್ನನ್ನು ನೋಡಿ ನಗುವುದು ಮಂದಿಗೆ ಮೊದಲಿನಿಂದಲೂ ರೂಢಿ, ನಿಮ್ಮನ್ನು ನೋಡಿ ನಗಗೊಡಬೇಡಿರಿ, ಒಮ್ಮೆ ಕಲಿತರೆ ಬಿಡುವುದಿಲ್ಲ ಅಂದ. ರಾಯರು ಕೂತರು. ಅದಾಲತ್ತಿನಲ್ಲಿ ಅವರು ವಾಯಿದೆ ಕೇಳುವುದು ನಿಂತಿತು. ಎದುರು ಪಕ್ಷದವರು ಇದು ಇನ್ನೂ ದೊಡ್ಡ ಹೂಟ ಅಂತ ತಿಳಿದರು.

ಕುದಿಸಿದ ಹತ್ತಿ ಅಲ್ಲಿಗೇ ನಿಲ್ಲಲಿಲ್ಲ. ಲಡಾಯಿಯ ಕಾಲ, ಹೊರಗಿನಿಂದ ಔಷಧಿ, ಪಟ್ಟಿ ಬರುವುದು ಅಪರೂಪ. ದವಾಖಾನೆಯ ಕಂಪೌಂಡರ ಹಣಮವ್ವನ ಬಾಯಿಂದ ನವಾಬನ ಹುಣ್ಣಿನ ಕಥೆ ಕೇಳಿ, ಆ ಹತ್ತಿ ನನಗೂ ಬೇಕು ಅಂತ ಬಂದ. ಕೀವು ಚೆನ್ನಾಗಿ ಹೀರುತ್ತದೆ ಅಂತ ಒಯ್ಯುತ್ತಲೇ ಇದ್ದ. ಬೀಬೀಜಾನಳಿಗೆ ಯಾರೂ ಹೇಳಲಿಲ್ಲ, ಆದರೆ ಅವಳು ಮಾಳಿಗೆಯ ಮೇಲೆ ಒಣಹಾಕಿದ್ದ ಹತ್ತಿಯನ್ನು ನೋಡಿ, ಗಂಡನ ಲುಂಗಿ ಎಂದೂ ತೊಯ್ಯದಿರುವುದನ್ನೂ ನೋಡಿ, ತನ್ನಷ್ಟಕ್ಕೆ ತಾನು ತಿಳಿದುಕೊಂಡಳು. ಸ್ವಲ್ಪ ದಿನಕ್ಕೆ ಬಾಣಂತಿಯರಿರುವ ಮನೆಗಳಿಂದ, ಆಮೇಲೆ ಹರೆಯದ ಹುಡುಗಿಯರಿರುವ ಮನೆಗಳಿಂದ ನನ್ನ ಹೆಂಡತಿಯ ಬಳಿ ಸಣ್ಣ ಸಣ್ಣ ಎರಡು ಹತ್ತಿಯ ಪಟ್ಟಿ ಹೊಲಿದುಕೊಡಿ ಅನ್ನುವ ಮಾತು ಬರತೊಡಗಿತು. ಯಾತಕ್ಕೆ ಅಂತ ನಾನು ಕೇಳಲಿಲ್ಲ. ಹೊಲಿದೆ. ಯಾವುದರದೂ ಹೊಲಿಗೆ ಬಿಚ್ಚಲಿಲ್ಲ. ಲಾಲಸಾಬ ಹೋಟೆಲಿನಲ್ಲಿ ಗುಡ್ಡ, ನವಾಬ, ಬೇಗಂ ಎಲ್ಲ ಹೇಳುತ್ತಿದ್ದ. ತಾನು ಖರೆಯಾಗಿ ಮಾಡಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ಕೆಲವು ಸಲ ಅದು ತುದಿನಾಲಿಗೆಗೆ ಬಂದು ಅವನ ಮೀಸೆ ನಡುಗುವುದನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. ಆಗ ಅವನು ಗಬಕ್ಕನೆ ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದ.

ನಿಜಾಮರ ರಾಜ್ಯ ಹೋಯಿತು. ಕಚೇರಿಯ ಬೋರ್ಡು ಬದಲಾಗಿ ಕನ್ನಡ ಬಂತು, ನಾನು ಓದಲು ಕಲಿತದ್ದು ಆಮೇಲೆಯೇ. ರಾಯರು ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಒಂದು ದಿನ ವೇಣಕ್ಕ ನನ್ನ ಅಂಗಡಿಗೆ ಬಂದು, ಚಾಚಾ ಎಲ್ಲಿ ಅಂತ ಕೇಳಿದಳು. ಲಾಲಸಾಬ ಆಗ ಕೆಮ್ಮಿನಿಂದ ಮಂಚ ಹಿಡಿದಿದ್ದ. ಮನೆಗೆ ಕರೆದುಕೊಂಡು ಹೋದೆ. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಚಾಚಾ, ಅಪ್ಪ ಹೋಗೋ ಮುಂದ ಎಲ್ಲಾ ಹೇಳಿ ಹೋಗ್ಯಾರ. ಇನ್ನ ಲಾಲಸಾಬ ಬಾಯಿ ಬಿಡ್ಲಿ ಅಂದಾರ."

ಮರುದಿನ ಬೆಳಿಗ್ಗೆ ಅವನು ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಹೆಗಲು ಹಿಡಿದ. ಹೋಟೆಲು ತುಂಬಿತ್ತು, ಹಲ್ಲು ಉದುರಿದ ಮಲ್ಲಣ್ಣನೂ ಇದ್ದ. ಲಾಲಸಾಬ ಎಲ್ಲವನ್ನೂ ಹೇಳಿದ. ರಾಯರ ಬೇನೆ, ಉರುಳಿದ ನೀರು, ಉಬ್ಬೆ, ಬೆಂಚು, ಮಣೆ. ಕೆಮ್ಮು ಬಂದಲ್ಲಿ ನಿಂತು, ಮತ್ತೆ ಬಿಟ್ಟಲ್ಲಿಂದ ಹಿಡಿದು ಹೇಳಿದ. ಅವನ ಆಯುಷ್ಯದಲ್ಲೇ ಮೊದಲ ಸಲ ಒಂದು ಎಳೆಯನ್ನೂ ಹೆಚ್ಚಿಗೆ ಸೇರಿಸಲಿಲ್ಲ.

ಹೋಟೆಲು ಬಿದ್ದು ಬಿದ್ದು ನಕ್ಕಿತು. ಇಷ್ಟು ವರ್ಷ ಹೇಳಿದ್ದರಲ್ಲಿ ಇದೇ ಎಲ್ಲಕ್ಕೂ ದೊಡ್ಡ ಸುಳ್ಳು ಅಂದರು. ವಕೀಲರ ಮಗಟದೊಳಗೆ ಲಾಲಸಾಬನ ಹತ್ತಿಯಂತೆ ಅಂತ ಮಲ್ಲಣ್ಣ ಕಣ್ಣೊರೆಸಿಕೊಂಡ. ನಾನು ಎದ್ದು ನಿಂತು ಇದು ಖರೆ, ಹೊಲಿದವನು ನಾನು ಅಂದೆ. ನಾಮಣ್ಣನೂ ಕಲಿತ ಅಂತ ಮತ್ತೊಮ್ಮೆ ನಕ್ಕರು.

ಮನೆಗೆ ತಿರುಗಿ ನಡೆಯುವಾಗ ನನಗೆ ಸಿಟ್ಟು ಬಂದಿತ್ತು. ಹೆಗಲ ಮೇಲಿದ್ದ ಅವನ ಕೈ ಅಲುಗುತ್ತಿತ್ತು. ಅಳುತ್ತಿದ್ದಾನೆ ಅಂತ ತಿರುಗಿ ನೋಡಿದರೆ ನಗುತ್ತಿದ್ದ.

"ಛಲೋ ಆತು ನಾಮಣ್ಣ. ನನ್ನ ಬಾಯಿ ಚಟಾನೂ ತೀರಿತು, ರಾಯರ ಮಾನಾನೂ ಉಳೀತು."

ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡು ಮತ್ತೆ ಅಂದ: "ಬರೋ ಸಂತಿ ದಿನ ಮತ್ತ ಕರ್ಕೊಂಡು ನಡಿ. ಇವತ್ತ ಬರೇ ಖರೇ ಹೇಳಿ ಸಪ್ಪಗಾತು. ಅವತ್ತ ಒಂದೀಟು ಸೇರಸ್ತೀನಿ."

ಆ ಸಂತೆಗೆ ಅವನು ಇರಲಿಲ್ಲ.